ರಾಚವ್ವನ ಜೋಡಿ ಜಂಪರ್

ಮುಂಬಯಿಯ ಸಯನ್‌ನಲ್ಲಿ ರಾಚವ್ವನ ವ್ಯಾನು ಬರುತ್ತಿದೆ ಎಂದು ತಿಳಿಯಲು ಯಾರೂ ಕತ್ತೆತ್ತಿ ನೋಡಬೇಕಾಗಿರಲಿಲ್ಲ. ಮೊದಲು ಧಡ್ ಎಂದು ಒಂದು ದೊಡ್ಡ ಸದ್ದು, ಅದರ ಬೆನ್ನಿಗೇ ಕಟಕಟ ಎಂದು ನಾಲ್ಕೈದು ಸಣ್ಣ ಸದ್ದು, ಕೊನೆಗೆ ಪಕ್ಕದ ಸೀಟಿನಿಂದ "ಏ ಸಾವಕಾಶ, ಸಾವಕಾಶ!" ಎಂದು ಅವಳ ಗಂಡ ಗುರುಬಸವನ ಕೂಗು. ಈ ಮೂರೂ ಇದೇ ಕ್ರಮದಲ್ಲಿ ಕೇಳಿಸಿದರೆ ಬಿಲ್ಡಿಂಗಿನ ವಾಚ್‌ಮನ್ ಚಹಾದ ಲೋಟ ಕೆಳಗಿಟ್ಟು ಗೇಟು ತೆರೆಯುತ್ತಿದ್ದ.

ರಾಚವ್ವನಿಗೆ ಐವತ್ತಾರು. ಸಿಂದಗಿ ಕಡೆಯ ಹಳ್ಳಿಯಿಂದ ಹತ್ತೊಂಬತ್ತರ ಮದುಮಗಳಾಗಿ ಮುಂಬಯಿಗೆ ಬಂದವಳು. ಗುರುಬಸವ ದಾದರ್‌ನ ಬಟ್ಟೆ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಬಟ್ಟೆ ಅಳೆದು ಹರಿದು ಕೊಟ್ಟು ಈಗ ಮನೆಯಲ್ಲಿ ಕೂತಿದ್ದ. ಅವನು ಮಾತಿಗಿಂತ ನಿಟ್ಟುಸಿರು ಹೆಚ್ಚು ಬಿಡುವ ಮನುಷ್ಯ. ರಾಚವ್ವ ಹಾಗಲ್ಲ. ಮಗಳು ರಾಧಿಕಾ ಶಾಲೆಗೆ ಹೋಗತೊಡಗಿದ ವರ್ಷವೇ ಮನೆಯಲ್ಲಿ ಜೋಳದ ಖಡಕ್ ರೊಟ್ಟಿ ಬಡಿದು ಮಾರಲು ಶುರು ಮಾಡಿದಳು. ಖಡಕ್ ರೊಟ್ಟಿ ಎಂದರೆ ಕಾಗದದಷ್ಟು ತೆಳ್ಳಗೆ ಬಡಿದು, ಸುಟ್ಟು, ಒಣಗಿಸಿದ್ದು. ತಿಂಗಳಾದರೂ ಕೆಡುವುದಿಲ್ಲ, ಆದರೆ ಒಂದು ಬೆರಳು ಜೋರಾಗಿ ತಾಗಿದರೆ ಮುರಿಯುತ್ತದೆ. ಬೆಳಗಾವಿ, ಧಾರವಾಡ, ವಿಜಯಪುರದಿಂದ ಬಂದು ಮುಂಬಯಿ ತುಂಬ ಚೆದುರಿ ಕೂತ ಸಂಸಾರಗಳಿಗೆ ಅವಳ ರೊಟ್ಟಿಯ ಸುದ್ದಿ ಬೇಗ ಮುಟ್ಟಿತು.

ಮೊದಮೊದಲು ಬುಟ್ಟಿ ಹೊತ್ತು ಲೋಕಲ್ ರೈಲಿನಲ್ಲಿ ಹೋಗುತ್ತಿದ್ದಳು. ದಾದರ್‌ನಲ್ಲಿ ಇಳಿದು, ಸೇತುವೆ ಹತ್ತಿ, ಇನ್ನೊಂದು ಗಾಡಿ ಹಿಡಿಯಬೇಕು. ಸಯನ್‌ನಲ್ಲಿ ರೊಟ್ಟಿ ಹತ್ತಿಸಿದರೆ ಅಂಧೇರಿಯಲ್ಲಿ ರವೆ ಇಳಿಯುತ್ತಿತ್ತು. ಗಿರಾಕಿಗಳು ನಗುತ್ತಲೇ ತೆಗೆದುಕೊಳ್ಳುತ್ತಿದ್ದರು, ರಾಚವ್ವನಿಗೆ ಮಾತ್ರ ನಗು ಬರುತ್ತಿರಲಿಲ್ಲ. ತಾನು ಬಡಿದ ರೊಟ್ಟಿ ದುಂಡಗೇ ಇನ್ನೊಬ್ಬರ ತಟ್ಟೆಗೆ ಹೋಗಬೇಕು ಎಂಬುದು ಅವಳ ಹಟ. ಆ ಹಟಕ್ಕೆ ನಲವತ್ತೈದನೆಯ ವಯಸ್ಸಿನಲ್ಲಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಡ್ರೈವಿಂಗ್ ಶಾಲೆಗೆ ಹೋದಳು. ಎಂಟರ ಆಕಾರದಲ್ಲಿ ಓಡಿಸು ಎಂದರೆ ಎರಡು ಸಲ ಏಳೂವರೆಯಲ್ಲಿ ನಿಲ್ಲಿಸಿ ಬಂದಳು, ಮೂರನೆಯ ಸಲಕ್ಕೆ ಪಾಸಾದಳು. ಹಳೆಯದೊಂದು ಬಿಳಿ ವ್ಯಾನು ಕೊಂಡಳು. ಅಂದಿನಿಂದ ರೊಟ್ಟಿ ದುಂಡಗೇ ಹೋಗತೊಡಗಿದವು.

ಆದರೆ ಮುಂಬಯಿಯ ಮಳೆ ಯಾರನ್ನು ಬಿಟ್ಟಿದೆ? ಪ್ರತಿ ಮಳೆಗಾಲ ಗಾಂಧಿ ಮಾರ್ಕೆಟ್ ಹತ್ತಿರ ನಿಲ್ಲುವ ಮೊಣಕಾಲುದ್ದ ನೀರಿನಲ್ಲಿ ಆ ವ್ಯಾನು ಹತ್ತು ವರ್ಷ ಈಜಿತು. ಮುಂದಿನ ಗಾಲಿಗಳ ಒಳಗಡೆ ತುಕ್ಕು ಹಿಡಿಯಿತು, ರಬ್ಬರು ಪುಡಿಯಾಯಿತು. ಹಳೆಯ ಮೆಕ್ಯಾನಿಕ್‌ನ ಹತ್ತಿರ ಒಯ್ದಾಗಲೆಲ್ಲ ಅವನು "ಮೌಶಿ, ಶಾಕಪ್ ಥೋಡಾ ವೀಕ್ ಹೈ, ಚಲೇಗಾ" ಎಂದು, ಅಂದರೆ ಕುಲುಕು ತಡೆಯುವ ಶಾಕ್ ಅಬ್ಸಾರ್ಬರ್ ಸ್ವಲ್ಪ ಸೋತಿದೆ, ನಡೆಯುತ್ತದೆ ಎಂದು, ಗ್ರೀಸು ಬಳಿದು ಕಳಿಸುತ್ತಿದ್ದ. ಹಾಗೆ ಎರಡು ವರ್ಷ ವ್ಯಾನು ನಡೆಯಿತು, ಒಂದು ದಿನ ಅಂಗಡಿ ಮುಚ್ಚಿ ಅವನೇ ಊರಿಗೆ ಹೋಗಿಬಿಟ್ಟ. ಹೀಗೆ ರೊಟ್ಟಿ ಉಳಿಸಲೆಂದು ತಂದ ವ್ಯಾನೇ ರೊಟ್ಟಿ ಮುರಿಯತೊಡಗಿತು.

ಇದನ್ನೂ ರಾಚವ್ವ ಹೇಗೋ ಸಹಿಸಿಕೊಳ್ಳುತ್ತಿದ್ದಳೇನೋ. ಅಷ್ಟರಲ್ಲಿ ಮಗಳ ಕುಬಸ ಬಂತು.

ರಾಧಿಕಾಳನ್ನು ಅಂಧೇರಿಗೆ ಕೊಟ್ಟಿದ್ದರು. ಈಗ ಅವಳಿಗೆ ಏಳು ತಿಂಗಳು, ಚೊಚ್ಚಲು. ತವರಿನವರು ಬಸುರಿ ಮಗಳಿಗೆ ಹಸಿರು ಸೀರೆ ಉಡಿಸಿ, ಹಸಿರು ರವಿಕೆ ತೊಡಿಸಿ, ಬುತ್ತಿ ಉಣ್ಣಿಸುವುದೇ ಕುಬಸ. ಆ ಸೀಮೆಯಲ್ಲಿ ರವಿಕೆಗೆ ಕುಬಸ ಎಂದೂ ಹೆಸರು, ಜಂಪರ್ ಎಂದೂ ಹೆಸರು. ರವಿಕೆಯ ಹೆಸರೇ ಸಮಾರಂಭಕ್ಕೂ ಬಂದಿದೆ. ಅದು ಮುಗಿದ ಮೇಲೆ ಬಾಣಂತನಕ್ಕೆ ಮಗಳನ್ನು ತವರಿಗೆ ಕರೆತರುವುದು ರೂಢಿ. ರಾಚವ್ವ ಆಗಲೇ ಒಳಕೋಣೆಯ ಸೂರಿಗೆ ತೊಟ್ಟಿಲ ಕೊಂಡಿ ಹಾಕಿಸಿದ್ದಳು. ದಿನಕ್ಕೊಮ್ಮೆ ಅದನ್ನು ಹಿಡಿದು ಜಗ್ಗಿ ನೋಡುತ್ತಿದ್ದಳು.

ದಿನ ಗೊತ್ತು ಮಾಡಲು ಅಂಧೇರಿಗೆ ಹೋದಾಗ ಬೀಗತಿ ನಾಗವ್ವ, ಅಂದರೆ ರಾಧಿಕಾಳ ಅತ್ತೆ, ಮಾತು ತೆಗೆದಳು. ಬೆಳಗಾವಿಯ ಹೆಂಗಸು, ಮನಸ್ಸಿನಲ್ಲಿ ಇದ್ದದ್ದನ್ನು ಬಾಯಲ್ಲೂ ಇಡುವವಳು.

"ರಾಚವ್ವಾರ, ಸಿಟ್ಟಾಗಬ್ಯಾಡ್ರಿ. ನಾ ನಿಮ್ಮ ವ್ಯಾನಿನ್ಯಾಗ ಒಮ್ಮೆ ಕುಂತೀನಿ. ಇಳದ ಮ್ಯಾಲ ಎಂಟ ದಿನ ಮಗ್ಗಲಾ ಬದಲಸಾಕ ಆಗಿಲ್ಲ. ನನ್ನ ಸೊಂಟಾ ಇನ್ನೂ ಧಾರಾವಿ ರಸ್ತೇದಾಗ ಬಿದ್ದೈತಿ. ಬಸರ ಹೆಣಮಗಳನ್ನ ಅದರಾಗ ಹೆಂಗ ಕಳಸಲಿ?"

"ಟ್ಯಾಕ್ಸಿ ಮಾಡಿದ್ರಾತಲ್ಲ ಅವ್ವಾ" ಎಂದ ಅಳಿಯ ಸಂತು.

"ಒಂದ ದಿನದ ಮಾತೇನೋ ಅದು? ಅಲ್ಲಿ ಹ್ವಾದ ಮ್ಯಾಲ ದವಾಖಾನಿಗೆ ಹೋಗಾಕ ಬರಾಕ ಅದ ಡಬ್ಬಿ. ಬ್ಯಾಡ, ಬಾಣಂತನ ಇಲ್ಲೇ ಆಗ್ಲಿ."

ರಾಚವ್ವನ ಮುಖ ಸಣ್ಣದಾಯಿತು, ಆದರೆ ಬಾಯಿ ಸೋಲಲಿಲ್ಲ. "ರಿಪೇರಿ ಮಾಡಸ್ತೀನ್ರಿ. ಒಳಗ ಕುಂತಾವ್ರಿಗೆ ನಿದ್ದಿ ಬರೂಹಂಗ ಮಾಡಸ್ತೀನಿ."

ನಾಗವ್ವ ನಕ್ಕಳು. "ಹಂಗಾರ ಒಂದ ಕೆಲಸ ಮಾಡ್ರಿ. ಕುಬಸದ ದಿನ ನೂರಾ ಒಂದ ಖಡಕ್ ರೊಟ್ಟಿ ಅದ ವ್ಯಾನಿನ್ಯಾಗ ತರ್ರಿ. ಒಂದೂ ಮುರೀದಂಗ ಬಂದ್ರ ನನ್ನ ಸೊಸಿನ್ನ ಅದರಾಗ ಕುಂಡ್ರಸಿ ನಾನ ಕಳಸ್ತೀನಿ. ಒಂದ ಮುರದ್ರೂ ಆಕಿ ಇಲ್ಲೇ."

ಕೂತವರೆಲ್ಲ ನಕ್ಕರು. ರಾಚವ್ವನೂ ನಕ್ಕು "ಆತು" ಎಂದಳು. ಮನೆಗೆ ಬಂದವಳೇ ತೊಟ್ಟಿಲ ಕೊಂಡಿ ಹಿಡಿದು ಜಗ್ಗಿ ನೋಡಿದಳು. ಇರುವವಳು ಒಬ್ಬಳೇ ಮಗಳು. ಅವಳ ಚೊಚ್ಚಲ ಬಾಣಂತನ ತನ್ನ ಕೈಯಿಂದ ಆಗದೆ ಹೋದರೆ ಈ ಕೈಗಳಿಂದ ಇಷ್ಟು ವರ್ಷ ಬಡಿದ ರೊಟ್ಟಿಗೆ ಏನು ಅರ್ಥ ಎಂದು ಅವಳಿಗೆ ನಿಜವಾಗಿಯೂ ಅನ್ನಿಸಿತು. ಸಂಜೆ ರಾಧಿಕಾ ಫೋನ್ ಮಾಡಿ "ಅವ್ವಾ, ಟೆನ್ಶನ್ ತಗೋಬ್ಯಾಡ, ಅತ್ತಿ ಮಜಾಕ್ ಮಾಡ್ಯಾರ" ಎಂದಳು. ಆಮೇಲೆ ದನಿ ತಗ್ಗಿಸಿ, "ಆದ್ರ, ನನಗ ಅಲ್ಲೇ ಬರೂದೈತಿ ಅವ್ವಾ" ಎಂದಳು. ಆ ಮಾತು ಕೇಳಿದ ಮೇಲೆ ರಾಚವ್ವ ಸುಮ್ಮನೆ ಕೂರುವ ಹೆಂಗಸಲ್ಲ.

ಸಯನ್ ಕೋಳಿವಾಡಾದ ಹಿಂದಿನ ಗಲ್ಲಿಯಲ್ಲಿ ಶೇಖರ ಎಂಬವನು ಹೊಸದಾಗಿ ಗ್ಯಾರೇಜು ಹಾಕಿದ್ದ. ಉಡುಪಿ ಕಡೆಯವನು, ವಯಸ್ಸು ಮೂವತ್ತೈದರ ಮೇಲೆ. ಅವನ ಬಳಗದವರೆಲ್ಲ ಹೋಟೆಲಿಗೆ ಸೇರಿಕೊಂಡರೆ ಇವನೊಬ್ಬ ಸೂರತ್‌ಗೆ ಹೋಗಿ, ಗುಜರಾತಿ ಉಸ್ತಾದನ ಕೈಕೆಳಗೆ ಗಾಡಿ ಕೆಲಸ ಕಲಿತು ಬಂದಿದ್ದ. ಅವನು ಊರಿಗೆ ಹೋದವನು ಮರಳಿ ಬಂದದ್ದೇ ಶುಕ್ರವಾರ. ಕುಬಸ ಭಾನುವಾರ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ರಾಚವ್ವ ವ್ಯಾನು ತಂದು ಅವನ ಬಾಗಿಲಿಗೆ ಹಚ್ಚಿದಳು.

ಶೇಖರ ವ್ಯಾನಿನ ಮೂತಿಯ ಮೇಲೆ ಎರಡೂ ಕೈಯಿಟ್ಟು ಕೆಳಕ್ಕೆ ಒತ್ತಿ ಬಿಟ್ಟ. ವ್ಯಾನು ಎದ್ದಿತು, ಬಿದ್ದಿತು, ಎದ್ದಿತು, ಮತ್ತೆ ಬಿದ್ದಿತು.

"ಒಳ್ಳೆ ಗಾಡಿ ಆದ್ರೆ ಒಂದು ಸಲ ಎದ್ದು ಸುಮ್ಮನೆ ಕೂರ್ತದೆ ಅಕ್ಕ. ಇದು ನೋಡಿ, ನಮಸ್ಕಾರ ಮಾಡ್ತಾನೇ ಉಂಟು" ಎಂದ.

"ನಮಸ್ಕಾರ ಬ್ಯಾಡ, ನಾಳಿ ಮುಂಜಾನಿ ಎಂಟಕ್ಕ ವ್ಯಾನ್ ಕೊಡು" ಎಂದು ರಾಚವ್ವ ರೊಟ್ಟಿಯ ಕತೆ, ಬೀಗತಿಯ ಕತೆ ಎಲ್ಲ ಹೇಳಿದಳು. ಶೇಖರ ಬಹಳ ಗಂಭೀರವಾಗಿ ಕೇಳಿದ. ಬಿಚ್ಚಿ ನೋಡಿ ಫೋನ್ ಮಾಡುತ್ತೇನೆ ಎಂದ. ಆಟೋ ಹಿಡಿದು ಮನೆಗೆ ಬಂದ ಮೇಲೆ ಅವಳಿಗೆ ನೆನಪಾಯಿತು: ಬರುವ ದಾರಿಯಲ್ಲಿ ಟೇಲರ್ ಹತ್ತಿರ ಇಸಿದುಕೊಂಡ ಚೀಲ ಮುಂದಿನ ಸೀಟಿನಲ್ಲೇ ಉಳಿದಿತ್ತು. ಅದರಲ್ಲಿ ಎರಡು ಜಂಪರ್. ಒಂದು ಮಗಳಿಗೆ, ಹಸಿರು ರೇಷ್ಮೆಯದು. ಇನ್ನೊಂದು ಬೀಗತಿಗೆ, ಕೆಂಪು, ಸಾಧಾರಣದ್ದು. ಇರಲಿ, ಸಂಜೆ ತಂದರಾಯಿತು ಎಂದು ಹೂರಣ ರುಬ್ಬಲು ಕೂತಳು.

ಹನ್ನೆರಡಕ್ಕೆ ಫೋನ್ ಬಂತು. ಆ ಕಡೆ ಯಾವುದೋ ಯಂತ್ರದ ಗದ್ದಲ.

"ಅಕ್ಕ, ಮುಂದಿನ ಜಂಪರ್ ಎರಡೂ ಹೋಗಿದೆ."

ರಾಚವ್ವನ ಕೈ ಹೂರಣದಲ್ಲೇ ನಿಂತಿತು. "ಹ್ವಾದು ಅಂದ್ರ?"

"ಎಣ್ಣೆ ಎಲ್ಲ ಸುರಿದು ಕಪ್ಪಾಗಿದೆ ಮಾರಾಯ್ರೆ. ಮುಟ್ಲಿಕ್ಕೆ ಆಗುದಿಲ್ಲ."

"ಅಯ್ಯ ನಮ್ಮಪ್ಪ! ತೊಳದ್ರ ಹೋಗಂಗಿಲ್ಲೇನೋ?"

ಶೇಖರ ನಕ್ಕ. "ಜಂಪರ್ ತೊಳೆದು ಎಂತ ಮಾಡುದು ಅಕ್ಕ? ಹೊಸದೇ ಆಗ್ಬೇಕು. ನಾನೇ ತರ್ಲಾ?"

"ನೀ ಏನ ತರ್ತಿ, ನಿನಗೇನ ತಿಳೀತೈತಿ ಅದರಾಗ! ನಾನ ದಾದರ್‌ಕ ಹೋಗಿ ತರ್ತೀನಿ."

ಗಿರಾಕಿಗಳು ಸಾಮಾನು ತಾವೇ ತಂದುಕೊಡುವುದು ಶೇಖರನಿಗೆ ಹೊಸದಲ್ಲ. "ಆಯ್ತು. ಆದ್ರೆ ಒಂದು ನೆನಪಿರಲಿ. ಎರಡೂ ಒಂದೇ ಥರದ್ದು ತನ್ನಿ. ಬೇರೆ ಬೇರೆ ಆದ್ರೆ ಆಮೇಲೆ ಒಂದೇ ಕಡೆಗೆ ಎಳೀತದೆ" ಎಂದು ಫೋನ್ ಇಟ್ಟ.

ರಾಚವ್ವನ ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ಎಣ್ಣೆ ಸುರಿದ ಪಾಪಿ ಅವನೇ, ಆದರೆ ನಾಳೆ ಬೆಳಗಿನ ತನಕ ವ್ಯಾನು ಅವನ ಕೈಯಲ್ಲಿದೆ. ಬಿಚ್ಚಿದವನೇ ಜೋಡಿಸಿ ಕೊಡಬೇಕು. ಅದಕ್ಕಿಂತ ಹೆಚ್ಚಾಗಿ ಅವನ ಕೊನೆಯ ಮಾತು ಅವಳನ್ನು ಚುಚ್ಚಿತು. ಒಂದೇ ಕಡೆಗೆ ಎಳೆಯುತ್ತದೆ! ಮಗಳಿಗೆ ರೇಷ್ಮೆ, ಬೀಗತಿಗೆ ಸಾಧಾರಣದ್ದು ಎಂದು ತಾನು ಹೊಲಿಸಿದ್ದು ಈ ಗ್ಯಾರೇಜಿನವನ ಕಣ್ಣಿಗೂ ಬಿತ್ತಲ್ಲ, ಇನ್ನು ಬೀಗತಿಯ ಕಣ್ಣಿಗೆ ಬೀಳದೆ ಇರುತ್ತದೆಯೇ?

ಗುರುಬಸವನಿಗೆ ಹೇಳಿದಳು. ಅವನು ಒಂದು ನಿಟ್ಟುಸಿರು ಬಿಟ್ಟು, "ಮೂವತ್ತ ವರ್ಷ ಬಟ್ಟಿ ಅಳದ್ರೂ ನನಗ ಇದು ಹೊಳೀಲಿಲ್ಲ ನೋಡು. ಶಾಣ್ಯಾ ಅದಾನ" ಎಂದ.

ಇಬ್ಬರೂ ಲೋಕಲ್ ಹಿಡಿದು ದಾದರ್‌ಗೆ ಹೋದರು. ಶನಿವಾರದ ದಾದರ್ ಎಂದರೆ ಕೇಳಬೇಕೇ. ಗುರುಬಸವ ತನ್ನ ಹಳೆಯ ಅಂಗಡಿಯ ಸಾಲಿನಲ್ಲಿ ನಾಲ್ಕು ಕಡೆ ಇಳಿಸಿ, ತೆಗೆಸಿ, ಬೆಳಕಿಗೆ ಹಿಡಿದು ನೋಡಿ, ಹೊಲಿದು ಸಿದ್ಧವಿದ್ದ ಎರಡು ಖಣದ ಜಂಪರ್ ಆರಿಸಿದ. ಎರಡೂ ಗಿಣಿ ಹಸಿರು, ಎರಡಕ್ಕೂ ಒಂದೇ ಕೆಂಪು ಅಂಚು. ಅಳತೆಯಲ್ಲಿ ಮಾತ್ರ ಒಂದು ಚಿಕ್ಕದು, ಒಂದು ದೊಡ್ಡದು. ಬಹಳ ದಿನದ ಮೇಲೆ ಗಂಡ ಒಂದು ಕೆಲಸವನ್ನು ಇಷ್ಟು ಮನಸ್ಸಿಟ್ಟು ಮಾಡಿದ್ದನ್ನು ಕಂಡು ರಾಚವ್ವನಿಗೆ ಎಣ್ಣೆಯ ಸಿಟ್ಟೂ ಅರ್ಧ ಇಳಿಯಿತು.

ನಾಲ್ಕೂವರೆಗೆ ನೇರವಾಗಿ ಗ್ಯಾರೇಜಿಗೆ ಬಂದರು. ವ್ಯಾನು ಮುಂಗಾಲು ಮೇಲೆತ್ತಿ ಜಾಕಿನ ಮೇಲೆ ನಿಂತಿತ್ತು, ಎರಡೂ ಗಾಲಿ ಪಕ್ಕದಲ್ಲಿ ಮಲಗಿದ್ದವು. ಶೇಖರ ಸ್ಟೂಲಿನ ಮೇಲೆ ಕೂತು ದಾರಿ ಕಾಯುತ್ತಿದ್ದ.

"ತಂದ್ರಾ ಅಕ್ಕ? ಕೊಡಿ ಕೊಡಿ, ಹೊತ್ತಾಯ್ತು."

"ಮೊದಲ ಕೈ ತೊಳಕೋ. ಇವನ್ನೂ ಹೊಲಸ ಮಾಡಬ್ಯಾಡ."

ಶೇಖರನಿಗೆ ವಿಚಿತ್ರ ಎನಿಸಿದರೂ ಕೈ ತೊಳೆದು ಬಂದ. ರಾಚವ್ವ ಕಾಗದ ಬಿಚ್ಚಿ ಎರಡು ಹಸಿರು ಜಂಪರ್ ಅವನ ಮುಂದೆ ಹಿಡಿದಳು. ಅವನು ಅವುಗಳನ್ನು ನೋಡಿದ, ಅವಳನ್ನು ನೋಡಿದ, ಗುರುಬಸವನನ್ನು ನೋಡಿದ.

"ಇದೆಂತ ಅಕ್ಕ?"

"ಜಂಪರ್. ನೀ ಹೇಳಿದಂಗ ಎರಡೂ ಒಂದ ನಮೂನಿ ಅದಾವು."

"ಇದನ್ನು ನಾನು ಎಲ್ಲಿ ಹಾಕುದು?"

"ನೀ ಯಾಕ ಹಾಕೋತೀಯೋ, ಖೋಡಿ! ಹಾಕ್ಕೊಳ್ಳಾವ್ರು ನನ್ನ ಮಗಳು, ನಮ್ಮ ಬೀಗತಿ."

ಶೇಖರ ನೆಲದ ಮೇಲಿದ್ದ ಒಂದು ಉದ್ದನೆಯ ಕಬ್ಬಿಣದ ಕೊಳವೆ ಎತ್ತಿ ತೋರಿಸಿದ. ಮೈತುಂಬ ತುಕ್ಕು, ಕುತ್ತಿಗೆಯಿಂದ ಕಪ್ಪು ಎಣ್ಣೆ ಸೋರಿತ್ತು. "ಅಕ್ಕ, ಇದು ಜಂಪರ್. ಸೂರತ್‌ನಲ್ಲಿ ನಾವು ಹಾಗೇ ಹೇಳುದು."

"ಅದು ಶಾಕಪ್ ಅಲ್ಲೇನೋ!"

"ಶಾಕಪ್ಪೇ. ಅದೇ ಜಂಪರ್."

ಟೇಲರ್ ಕೊಟ್ಟ ಚೀಲ ಒಳಗೆ ದೇವರ ಫೋಟೋದ ಕೆಳಗಿನ ಮೊಳೆಗೆ ನೇತಾಡುತ್ತಿತ್ತು, ಒಂದು ಹನಿ ಎಣ್ಣೆ ಬಿದ್ದಿರಲಿಲ್ಲ. ಮೊದಲು ನಕ್ಕವನು ಗುರುಬಸವ. ನಿಟ್ಟುಸಿರಿನ ಮನುಷ್ಯ ಗಾಲಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಶೇಖರನೂ ನಕ್ಕ. ರಾಚವ್ವ ಮಾತ್ರ ಸ್ವಲ್ಪ ಹೊತ್ತು ಇಬ್ಬರನ್ನೂ ದುರುಗುಟ್ಟಿ ನೋಡಿ, ತಡೆಯಲಾರದೆ ಸೆರಗು ಬಾಯಿಗೆ ಹಿಡಿದಳು.

ನಗು ಮುಗಿದ ಮೇಲೆ ಶೇಖರ ಗಡಿಯಾರ ನೋಡಿದ. ನಾಲ್ಕು ತಾಸು ಸುಮ್ಮನೆ ಹೋಗಿತ್ತು. ಜಂಪರ್ ಅಷ್ಟೇ ಅಲ್ಲ, ಗಾಲಿಯನ್ನು ಹಿಡಿದುಕೊಳ್ಳುವ ಕೆಳಗಿನ ತೋಳಿನ ರಬ್ಬರು ಬುಶ್ ಪುಡಿಯಾಗಿತ್ತು, ಬಾಲ್ ಜಾಯಿಂಟ್ ಅಲ್ಲಾಡುತ್ತಿತ್ತು. ಅವನು ಸ್ಕೂಟರ್ ಹತ್ತಿ ಕುರ್ಲಾದ ಸ್ಪೇರ್ ಪಾರ್ಟ್ಸ್ ಅಂಗಡಿಗಳಿಗೆ ಓಡಿದ, ಬಾಗಿಲು ಹಾಕುವ ಮುಂಚೆ ಎಲ್ಲವನ್ನೂ ಹೊಸದು ತಂದ. ಬಲಗಡೆಯ ಕೆಲಸ ಸುಲಭವಾಗಿ ಮುಗಿಯಿತು. ಎಡಗಡೆಯದು ಕಾಡಿತು. ತೋಳಿನ ಬೋಲ್ಟು ತುಕ್ಕು ಹಿಡಿದು ಒಳಗೇ ಅಂಟಿಕೊಂಡಿತ್ತು. ಬೋಲ್ಟು ತಿರುಗಿಸುವ ಪಾನಾಕ್ಕೆ ಉದ್ದದ ಪೈಪು ಸಿಕ್ಕಿಸಿ ಶೇಖರ ತ್ರಾಣವೆಲ್ಲ ಹಾಕಿದರೂ ಅದು ಕದಲಲಿಲ್ಲ.

"ಇನ್ನೊಂದು ಸಲ ಜೋರು ಹಾಕ್ತೇನೆ. ಒಳಗೆ ತುಂಡಾದ್ರೆ ವೆಲ್ಡಿಂಗ್‌ನವ ಬರ್ಬೇಕು. ಮತ್ತೆ ಮಂಗಳವಾರವೇ."

ಮಂಗಳವಾರ ಎಂದದ್ದೇ ತಡ, ರಾಚವ್ವ ಎದ್ದು ಅವನ ಕೈ ಹಿಡಿದಳು.

"ಏ ತಡಿ! ಹಂಚಿಗೆ ಹತ್ತಿದ ರೊಟ್ಟಿ ಜಗ್ಗತಾರೇನೋ? ಜಗ್ಗಿದ್ರ ಹರೀತೈತಿ. ಬೋಲ್ಟ್ ಬಿಡು, ಅದರ ಸುತ್ತ ಕಾಸು. ಆರಲಿ. ಎಣ್ಣಿ ಹನಸು. ಮತ್ತ ಕಾಸು. ಅದು ತಾನ ಬಿಡತೈತಿ."

"ನಮ್ಮ ಉಸ್ತಾದ್ ಕೂಡ ಇದನ್ನೇ ಹೇಳ್ತಿದ್ದ. ರೊಟ್ಟಿಯ ಮಾತೊಂದು ಇರ್ಲಿಲ್ಲ" ಎಂದು ಶೇಖರ ಗ್ಯಾಸಿನ ಉರಿ ಹಚ್ಚಿದ. ಅವಸರದಲ್ಲಿ ಮರೆತದ್ದನ್ನು ನೆನಪಿಸಿದ್ದಕ್ಕೆ ಅವನಿಗೆ ನಾಚಿಕೆಯೂ ಆಗಿತ್ತು. ಒಂದು ಸಲ ಕಾಸಿದ, ಆರಿಸಿದ, ಎಣ್ಣೆ ಬಿಟ್ಟ. ಎರಡನೆಯ ಸಲವೂ ಹಾಗೇ. ಎಷ್ಟು ಉರಿ, ಎಷ್ಟು ಹೊತ್ತು ಎಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ರಾಚವ್ವ ಹೇಳುತ್ತಿದ್ದಳು. ಮೂರನೆಯ ಸಲ ಪಾನಾ ಹಚ್ಚಿದಾಗ ಕಿರ್ ಎಂದು ಸಣ್ಣ ದನಿ ಬಂತು, ಬೋಲ್ಟು ತಿರುಗಿತು. ಹೊಸ ತೋಳು ಕೂರಿಸಲು ಅಷ್ಟು ಸಾಕಾಗಿತ್ತು. ಮಿಕ್ಕದ್ದನ್ನು ಬೆಳಿಗ್ಗೆ ಆರಕ್ಕೇ ಬಂದು ಮುಗಿಸುತ್ತೇನೆ ಎಂದು ಶೇಖರ ಬಾಗಿಲು ಹಾಕಿದ.

ಭಾನುವಾರ ಎಂಟಕ್ಕೆ ರಾಚವ್ವ ಹೋದಾಗ ವ್ಯಾನು ನಾಲ್ಕೂ ಗಾಲಿಯ ಮೇಲೆ ನಿಂತಿತ್ತು. ಶೇಖರ ಮೂತಿಯನ್ನು ಒತ್ತಿ ಬಿಟ್ಟ. ಅದು ಒಂದು ಸಲ ಎದ್ದು ಸುಮ್ಮನೆ ಕೂತಿತು.

"ಟ್ರಯಲ್ ಹೊಡೆಯುವಾ ಅಕ್ಕ" ಎಂದ. ರಾಚವ್ವ ಚೀಲದಿಂದ ಒಂದು ಖಡಕ್ ರೊಟ್ಟಿ ತೆಗೆದು ಮುಂದಿನ ಗಾಜಿಗೆ ಒರಗಿಸಿ ನಿಲ್ಲಿಸಿದಳು. ಇಬ್ಬರೂ ಆ ರೊಟ್ಟಿಯ ಮೇಲೆ ಕಣ್ಣಿಟ್ಟು ಸಯನ್ ಆಸ್ಪತ್ರೆಯ ಸುತ್ತಿನ ಗುಂಡಿಗಳನ್ನೆಲ್ಲ ಹುಡುಕಿ ಹುಡುಕಿ ವ್ಯಾನು ಇಳಿಸಿ ಬಂದರು. ರೊಟ್ಟಿ ಸ್ವಲ್ಪ ಜಾರಿತೇ ಹೊರತು ಮುರಿಯಲಿಲ್ಲ.

"ಪರೀಕ್ಷೆ ಆಯ್ತಲ್ಲ, ಇನ್ನು ತಿನ್ಬಹುದಾ?" ಎಂದು ಶೇಖರ ಅದನ್ನು ಎತ್ತಿಕೊಂಡ. "ಸೋಮವಾರ ಗಾಲಿ ಅಲೈನ್‌ಮೆಂಟ್ ಮಾಡಿಸಿ. ಮತ್ತೆ, ಗೆದ್ದು ಬನ್ನಿ."

ಹಳೆಯ ನೂಲಿನ ಸೀರೆ ಹಾಸಿದ ಬುಟ್ಟಿಯಲ್ಲಿ ನೂರಾ ಒಂದು ರೊಟ್ಟಿ ಕೂತವು. ಗುರುಬಸವ ಬುಟ್ಟಿಯನ್ನು ತೊಡೆಯ ಮೇಲಿಟ್ಟು ಮುಂದೆ ಕೂತ. ಧಾರಾವಿಯ ರಸ್ತೆಯಲ್ಲಿ ರೂಢಿಯಂತೆ "ಏ ಸಾವಕಾ..." ಎಂದು ಬಾಯಿ ತೆರೆದವನು ಧಡ್ ಎನ್ನುವ ಸದ್ದೇ ಬಾರದ್ದರಿಂದ ಅರ್ಧಕ್ಕೇ ನಿಲ್ಲಿಸಿದ. ಬಾಂದ್ರಾ ದಾಟಿ ಹೈವೇ ಹಿಡಿದಾಗ ಅವನು ಹಾಡು ಗುನುಗುತ್ತಿದ್ದ. ಅಂಧೇರಿ ಬಂತು, ಬೀಗರ ಬಿಲ್ಡಿಂಗ್ ಕಾಣಿಸಿತು. ಗೇಟಿನ ಮುಂದೆ ಯಾರೋ ಮೊನ್ನೆಯಷ್ಟೇ ಸಿಮೆಂಟಿನಲ್ಲಿ ಎತ್ತರದ ಉಬ್ಬೊಂದನ್ನು ಕಟ್ಟಿದ್ದರು. ರಾಚವ್ವ ಕಂಡದ್ದು ತಡವಾಯಿತು. ವ್ಯಾನು ಮೆತ್ತಗೆ ಹತ್ತಿ ಮೆತ್ತಗೆ ಇಳಿಯಿತು. ಬುಟ್ಟಿಯೊಳಗೆ ಮಾತ್ರ ಕಟ್ ಎಂದು ಒಂದು ಸಣ್ಣ ಸಪ್ಪಳ.

ಗುರುಬಸವ ಬೆವರಿದ. "ನಿನಗೇನರ ಕೇಳಿಸ್ತೇನ?"

"ಇಲ್ಲ" ಎಂದಳು ರಾಚವ್ವ.

"ನನಗೂ ಕೇಳಲಿಲ್ಲ."

ಮೇಲೆ ಮನೆ ತುಂಬ ಹೆಂಗಸರು. ರಾಚವ್ವ ಮೊದಲು ಬೀಗತಿಯ ಕೈಗೆ ಜಂಪರ್ ಕೊಟ್ಟಳು, ಆಮೇಲೆ ಮಗಳ ಕೈಗೆ. ನಾಗವ್ವ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಳು. ಅದೇ ಖಣ, ಅದೇ ಹಸಿರು, ಅದೇ ಅಂಚು.

"ನನಗೂ ಮಗಳಿಗೆ ತಂದದ್ದ ತಂದೀರಲ್ಲ" ಎಂದಳು. ದನಿಯಲ್ಲಿ ಇದ್ದದ್ದು ಅನುಮಾನವೋ ಸಂತೋಷವೋ ತಿಳಿಯಲಿಲ್ಲ.

ರಾಚವ್ವನಿಗೆ ಸುಳ್ಳು ಹೇಳಲಾಗಲಿಲ್ಲ. ಗ್ಯಾರೇಜಿನ ಫೋನಿನಿಂದ ಹಿಡಿದು "ಇದನ್ನು ನಾನು ಎಲ್ಲಿ ಹಾಕುದು" ಎನ್ನುವ ತನಕ ಎಲ್ಲವನ್ನೂ ಹೇಳಿಬಿಟ್ಟಳು. ತಾನು ಮೊದಲು ಸಾಧಾರಣದ್ದು ಹೊಲಿಸಿದ್ದನ್ನೂ ಮುಚ್ಚಿಡಲಿಲ್ಲ. ಮನೆಯೆಲ್ಲ ನಗುವಿನಲ್ಲಿ ಮುಳುಗಿತು. ನಾಗವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ನಕ್ಕವಳೇ ಒಳಗೆ ಹೋಗಿ ಆ ಹಸಿರು ಜಂಪರ್ ತೊಟ್ಟು ಬಂದಳು. ರಾಧಿಕಾಳೂ ಹಸಿರು ಸೀರೆಯುಟ್ಟು ತನ್ನ ಜಂಪರ್ ತೊಟ್ಟು ಮಣೆಯ ಮೇಲೆ ಕೂತಳು.

ಆರತಿಯಾದ ಮೇಲೆ ನಾಗವ್ವ ಬುಟ್ಟಿಯ ಮುಂದೆ ಕೂತಳು. "ಈಗ ರೊಟ್ಟಿ ಎಣಸೂಣ್ರಿ. ನಗಿ ಬ್ಯಾರೆ, ಮಾತ ಬ್ಯಾರೆ."

ಒಂದೊಂದೇ ರೊಟ್ಟಿ ಎತ್ತಿ, ಎಲ್ಲರಿಗೂ ತೋರಿಸಿ, ತಾಟಿನಲ್ಲಿ ಇಡತೊಡಗಿದಳು. ಇಪ್ಪತ್ತು, ಐವತ್ತು, ಎಂಬತ್ತು. ರಾಧಿಕಾ ಅವ್ವನ ಕಡೆ ನೋಡಿ ಕಣ್ಣಲ್ಲೇ ನಕ್ಕಳು. ರಾಚವ್ವನಿಗೆ ನಗಲಾಗಲಿಲ್ಲ. ಆ ಕಟ್ ಎನ್ನುವ ಸಪ್ಪಳ ಅವಳ ಕಿವಿಯಲ್ಲೇ ಇತ್ತು. ತೊಂಬತ್ತೊಂಬತ್ತು, ನೂರು. ನಾಗವ್ವನ ಕೈ ಬುಟ್ಟಿಯ ತಳಕ್ಕೆ ಹೋಗಿ ಅಲ್ಲೇ ನಿಂತಿತು. ಎಲ್ಲಕ್ಕಿಂತ ಕೆಳಗಿನ ರೊಟ್ಟಿ ನಡುವೆ ಸರಿಯಾಗಿ ಎರಡಾಗಿತ್ತು. ಬುಟ್ಟಿಯ ಅಂಚಿನಿಂದ ಅದು ನಾಗವ್ವನಿಗೆ ಕಾಣುತ್ತಿತ್ತು, ಎದುರಿಗೆ ಕೂತ ರಾಚವ್ವನಿಗೆ ಕಾಣುತ್ತಿತ್ತು, ಇನ್ನಾರಿಗೂ ಕಾಣುತ್ತಿರಲಿಲ್ಲ.

ಇಬ್ಬರ ಕಣ್ಣೂ ಕೂಡಿದವು. ರಾಚವ್ವ ತಲೆ ತಗ್ಗಿಸಿದಳು.

ನಾಗವ್ವ ಒಂದು ಚೂರನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡಳು. ಇನ್ನೊಂದು ಚೂರನ್ನು ಸೆರಗಿನ ಮರೆಯಲ್ಲಿ ರಾಚವ್ವನ ಕೈಗೆ ತುರುಕಿದಳು. ಖಡಕ್ ರೊಟ್ಟಿ ಸದ್ದಿಲ್ಲದೆ ಅಗಿಯುವಂಥದಲ್ಲ. ಕರಂ ಕರಂ ಎನ್ನುತ್ತಲೇ ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು: "ನೂರಾ ಒಂದು! ಒಂದೂ ಮುರದಿಲ್ಲ!"

"ಮತ್ತ ಬಾಯಾಗ ಏನ ಐತಿ ಅತ್ತೀ?" ಎಂದಳು ರಾಧಿಕಾ.

"ಬಾಯಾಗಿಂದು ಲೆಕ್ಕಕ್ಕಿಲ್ಲ."

ಊಟದ ಗದ್ದಲದಲ್ಲಿ ಅಡುಗೆಮನೆಯ ಮೂಲೆಯಲ್ಲಿ ಇಬ್ಬರೇ ಸಿಕ್ಕಾಗ ರಾಚವ್ವ ಅವಳ ಕೈ ಹಿಡಿದಳು. ನಾಗವ್ವನೇ ಹೇಳಿದಳು: "ನನ್ನ ಚೊಚ್ಚಲ ಬಾಣಂತನಕ್ಕ ಕರ್ಯಾಕ ತವರಿಂದ ಯಾರೂ ಬಂದಿದ್ದಿಲ್ರಿ. ಅವ್ವ ಇದ್ದಿದ್ದಿಲ್ಲ. ಬಾಗಲಾ ನೋಡ್ಕೋಂತ ಕುಂತಿದ್ದೆ. ನೀವು ಇಷ್ಟ ಒದ್ದಾಡಿ ಬಂದೀರಿ. ಕರ್ಕೊಂಡ ಹೋಗ್ರಿ." ರಾಚವ್ವ ಅಳುತ್ತಲೇ ಕೈಯಲ್ಲಿದ್ದ ಆ ಅರ್ಧ ರೊಟ್ಟಿ ತಿಂದಳು.

ಮೂರು ಗಂಟೆಗೆ ಹೊರಟಾಗ ನಾಗವ್ವನೂ ಚೀಲ ಹಿಡಿದು ಬಂದು ರಾಧಿಕಾಳ ಪಕ್ಕ ಕೂತಳು. "ಸೊಂಟಾ ಧಾರಾವಿಯೊಳಗ ಬಿಟ್ಟೀನಲ್ಲ, ತರಬೇಕು. ಸಂಜೀಕ ಸಂತು ಬಂದು ಕರ್ಕೊಂಡ ಹೋಗ್ತಾನ."

ವ್ಯಾನು ಹೊರಟಿತು. ಹೈವೇ ಮುಗಿದು ಧಾರಾವಿಯ ಗುಂಡಿಗಳು ಬಂದವು, ಹೋದವು. ಹಿಂದಿನಿಂದ ಒಂದು ಮಾತೂ ಇಲ್ಲ. ರಾಚವ್ವ ಕನ್ನಡಿಯಲ್ಲಿ ನೋಡಿದಳು. ರಾಧಿಕಾ ಅತ್ತೆಯ ಹೆಗಲಿಗೆ ತಲೆಯಿಟ್ಟು ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದಳು. ಎರಡು ಹಸಿರು ಜಂಪರ್ ಒಂದಕ್ಕೊಂದು ತಾಗಿ ಕೂತಿದ್ದವು. ನಾಗವ್ವ ತುಟಿಯ ಮೇಲೆ ಬೆರಳಿಟ್ಟು, ಪಿಸುದನಿಯಲ್ಲಿ "ಜಂಪರ್ ಚಲೋ ಕುಂತಾವ್ರಿ" ಎಂದಳು.

ಯಾವ ಜಂಪರ್ ಎಂದು ರಾಚವ್ವ ಕೇಳಲಿಲ್ಲ.

ಸಯನ್ ಬಂತು. ಬಿಲ್ಡಿಂಗಿನ ಗೇಟು ಮುಚ್ಚಿಯೇ ಇತ್ತು. ಧಡ್ ಎನ್ನುವ ಸದ್ದು ಕೇಳಿಸಿದ್ದರೆ ತಾನೇ ವಾಚ್‌ಮನ್ ಏಳುವುದು. ಅವನು ಬೆನ್ನು ತಿರುಗಿಸಿ ಚಹಾ ಕುಡಿಯುತ್ತಿದ್ದ. ರಾಚವ್ವ ಹಾರ್ನ್ ಹೊಡೆಯಲು ಕೈ ಎತ್ತಿದಳು, ಮಗಳು ಎದ್ದಾಳು ಎಂದು ಇಳಿಸಿದಳು. ಗುರುಬಸವ ಸದ್ದಾಗದಂತೆ ಇಳಿದು ಹೋಗಿ ತಾನೇ ಗೇಟು ತೆರೆದ.